ಲಾಂಚ್ ಉಡೀಸ್

ಹೊನ್ನಾವರ

ದುಬೈಗೆ ಹೋಗಿ ಬಂದವನು ಮೊದಲು ಅಲ್ಲಿನ ಕಟ್ಟಡದ ಎತ್ತರ ಹೇಳಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ನನಗೆ ಅದು ಗೊತ್ತಿಲ್ಲ. ನಾನು ಇದ್ದ ದಿನಗಳಲ್ಲಿ ಅಲ್ಲಿ ಎಲ್ಲರೂ ಕತ್ತೆತ್ತಿ ನೋಡುತ್ತಿದ್ದುದು ಆಕಾಶವನ್ನು. ನಡುವೆ ಕಟ್ಟಡಗಳು ಅಡ್ಡ ಬರುತ್ತಿದ್ದವು, ಅಷ್ಟೇ.

ಯುದ್ಧ ನಡೆಯುತ್ತಿತ್ತು. ಯಾವ ಯುದ್ಧ ಎಂದು ಕೇಳಬೇಡಿ. ನೀವು ಇದನ್ನು ಓದುವಾಗ ಯಾವುದು ನಡೆಯುತ್ತಿದೆಯೋ ಅದೇ ಅಂದುಕೊಳ್ಳಿ. ದೇಶದ ಹೆಸರು ಬದಲಾದೀತು, ಅದನ್ನು ಸಮರ್ಥಿಸುವ ಮಾತು ಬದಲಾಗುವುದಿಲ್ಲ.

ನಾನು ಕುಮಟೆಯ ಹತ್ತಿರದ ಬಾಡ ಎಂಬ ಊರಿನವನು. ಹೆಸರು ಗಣಪತಿ, ಊರಿನ ಬಾಯಲ್ಲಿ ಗಣಪು. ವೃತ್ತಿ ಮಿಮಿಕ್ರಿ. ಈ 'ವೃತ್ತಿ' ಎಂಬ ಶಬ್ದ ಕೇಳಿದಾಗೆಲ್ಲ ನಮ್ಮ ಅಪ್ಪ ಒಂದು ಥರ ಕೆಮ್ಮುತ್ತಾರೆ. ಆ ಕೆಮ್ಮನ್ನೂ ನಾನು ಮಾಡಬಲ್ಲೆ. ನನ್ನ ಸ್ವಂತ ದನಿ ಹೇಗಿದೆ ಎಂದರೆ, ಫೋನಿನಲ್ಲಿ ಹಲೋ ಎಂದರೆ ಜನ 'ಅಪ್ಪ ಮನೇಲಿಲ್ವಾ' ಎಂದು ಕೇಳುತ್ತಾರೆ. ಹಾಗಾಗಿ ಬೇರೆಯವರ ದನಿಯಲ್ಲೇ ಹೊಟ್ಟೆ ಹೊರೆಯುತ್ತೇನೆ. ಮದುವೆ, ಕಾಲೇಜಿನ ಗ್ಯಾದರಿಂಗು, ಬ್ಯಾಂಕಿನವರ ಬೀಳ್ಕೊಡುಗೆ, ಎಲ್ಲ ಕಡೆಯೂ ಜನ ಕೇಳುವ ಐಟಂ ಒಂದೇ: ಟೀವಿಯವ. ಯುದ್ಧದ ಸುದ್ದಿ ಓದುವ ಟೀವಿಯವ. 'ವೀಕ್ಷಕರೇ, ಕುರ್ಚಿ ಬಿಟ್ಟು ಏಳಬೇಡಿ!' ಎಂದು ನಾನು ಗಂಟಲು ಹರಿದುಕೊಂಡರೆ, ಹಿಂದಿನ ಸಾಲಿನವರೂ ಬೋಂಡ ಬಾಯಲ್ಲಿಟ್ಟುಕೊಂಡೇ ಕೂತುಬಿಡುತ್ತಾರೆ.

ಶಾರ್ಜಾದಲ್ಲಿ ನಮ್ಮ ಕರಾವಳಿಯವರದೊಂದು ಸಂಘ ಇದೆ. ಅವರ ವಾರ್ಷಿಕ ಸಮಾರಂಭಕ್ಕೆ ನನ್ನನ್ನು ಕರೆದಿದ್ದರು. ಹೊರಡುವ ದಿನ ಹೊನ್ನಾವರದಲ್ಲಿ ಇಳಿದು ದೊಡ್ಡಾಯಿಯ ಮನೆಗೆ ಹೋದೆ. ದೊಡ್ಡಾಯಿ ಎಂದರೆ ನನ್ನ ಅಮ್ಮನ ಅಕ್ಕ. ಬಂದರಿನ ಬದಿಯಲ್ಲಿ ಮನೆ. ಒಬ್ಬನೇ ಮಗ ಮಾದೇವಣ್ಣ, ಅಜ್ಮಾನಿನಲ್ಲಿ ಅರಬನೊಬ್ಬನ ಲಾಂಚಿನಲ್ಲಿ ಮೀನು ಹಿಡಿಯುವ ಕೆಲಸ. ನಮ್ಮ ಕಡೆ ಲಾಂಚು ಎಂದರೆ ಯಂತ್ರದ ದೊಡ್ಡ ದೋಣಿ. ಶರಾವತಿಗೆ ಸೇತುವೆ ಆಗುವ ಮುಂಚೆ ಜನ ಹೊಳೆ ದಾಟುತ್ತಿದ್ದುದೂ ಲಾಂಚಿನಲ್ಲೇ. ಕೊಲ್ಲಿಯ ಅರಬರೂ ಹೆಚ್ಚುಕಡಿಮೆ ಅದೇ ಶಬ್ದ ಹೇಳುತ್ತಾರಂತೆ. ಕಡಲು ದಾಟಿದರೂ ಬದಲಾಗದ ಶಬ್ದ ಅದೊಂದೇ ಇರಬೇಕು.

ದೊಡ್ಡಾಯಿ ಒಣ ಸೀಗಡಿ ಚಟ್ನಿಪುಡಿಯ ಪೊಟ್ಟಣ ಕೈಗಿತ್ತಳು. "ಮಾದೇವಂಗೆ ಕೊಡು. ದಾರಿಯಂಗೆ ನೀ ತಿನ್ನಬೇಡ."

"ನಾ ಎಂತಕ್ಕೆ ತಿನ್ಲಿ ದೊಡ್ಡಾಯಿ?"

"ನಿನ್ನ ಹೊಟ್ಟೆ ನಂಗೆ ಗೊತ್ತಿಲ್ವಾ? ಮತ್ತೆ, ಅಲ್ಲಿ ಹೋಗಿ ಅರಬರ ನಕಲು ಮಾಡೂಕೆ ಹೋಗಬೇಡ. ಅವ್ರು ನಮ್ಮಾಂಗೆ ನೆಗಾಡೂದಿಲ್ಲ, ಒಳಗೆ ಹಾಕ್ತ್ರು."

ಮಂಗಳೂರಿನ ವಿಮಾನ ನಿಲ್ದಾಣ

ಜತೆಗಿದ್ದವನು ಇರ್ಫಾನ್. ಭಟ್ಕಳದವನು, ಕಾಲೇಜಿನಲ್ಲಿ ನನ್ನ ಬೆಂಚಿನವನು. ದುಬೈಯ ದೇರಾದಲ್ಲಿ ಒಂದು ಅತ್ತರಿನ ಅಂಗಡಿಯಲ್ಲಿ ಕೆಲಸ. ತಂಗಿಯ ಮದುವೆ ಮುಗಿಸಿ ಮರಳುತ್ತಿದ್ದ. ದಾರಿಯಲ್ಲಿ ಭಟ್ಕಳದ ಅವನ ಮನೆಯಲ್ಲಿ ಊಟ. ಮನೆಯವರು ತಮ್ಮತಮ್ಮಲ್ಲಿ ನವಾಯತಿ ಭಾಷೆ ಆಡುತ್ತಿದ್ದರು. ಕೊಂಕಣಿ ಬಲ್ಲ ನನಗೆ ಅರ್ಧ ತಿಳಿಯುತ್ತಿತ್ತು. ತಿಳಿಯದ ಅರ್ಧದಲ್ಲಿ ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂಬ ಗುಮಾನಿ. ಊಟವಾದ ಮೇಲೆ ಅವನ ತಾಯಿ ಟೀವಿಯವನ ಐಟಂ ಮಾಡಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಗಂಭೀರವಾಗಿ ಕೇಳಿದರು: "ಯುದ್ಧ ಆಗ್ತದಾ ಬಾಬಾ?"

ನನ್ನನ್ನು! ಹತ್ತನೇ ಇಯತ್ತೆಯಲ್ಲಿ ಭೂಗೋಳಕ್ಕೆ ಬರೀ ಪಾಸಿನ ಅಂಕ ತೆಗೆದವನನ್ನು! ಜನರಿಗೆ ದನಿ ಸಾಕು, ಅದರ ಹಿಂದೆ ಯಾರಿದ್ದಾರೆ ಎಂಬುದು ಬೇಡ ಎಂದು ನನಗೆ ಅವತ್ತೇ ಹೊಳೆಯಬೇಕಿತ್ತು.

ವಿಮಾನ ನಿಲ್ದಾಣದಲ್ಲಿ ಪೊಲೀಸರ ನಾಯಿಯೊಂದು ಎಲ್ಲರ ಚೀಲ ಮೂಸುತ್ತ ಬಂದು ನನ್ನ ಚೀಲದ ಮುಂದೆ ಕೂತುಬಿಟ್ಟಿತು. ನಾಯಿ ಕೂತರೆ ಬಾಂಬು ಎಂದು ಅರ್ಥವಂತೆ. ಸುತ್ತಲಿದ್ದವರು ಅಲೆ ಇಳಿದ ಹಾಗೆ ಹಿಂದೆ ಸರಿದರು. ಅವರ ಜತೆ ಇರ್ಫಾನನೂ ಸರಿದ.

ಚೀಲ ಬಿಚ್ಚಿಸಿದರು. ದೊಡ್ಡಾಯಿಯ ಪೊಟ್ಟಣ ಹೊರಬಿತ್ತು. ಅಧಿಕಾರಿ ಮೂಗು ಮುಚ್ಚಿಕೊಂಡು "ಏನಿದು?" ಎಂದರು. ಸೀಗಡಿ ಎಂದೆ. ಅವರು ಕಣ್ಣಲ್ಲೇ ಬೈದು ಬಿಟ್ಟುಕೊಟ್ಟರು. ನಾಯಿಗೆ ಮಾತ್ರ ಬಿಟ್ಟುಹೋಗುವ ಮನಸ್ಸಿರಲಿಲ್ಲ.

ನನಗೆ ಆ ನಾಯಿಯ ಮೇಲೆ ಗೌರವ ಬಂದದ್ದು ಆಮೇಲೆ, ಯುದ್ಧ ಶುರುವಾಗಿ ಅದರ ಕಾರಣಗಳನ್ನು ಕೇಳಿದಾಗ. ನಾಯಿ ಮೂಸಿಯಾದರೂ ನೋಡಿತ್ತು. ಚೀಲ ಬಿಚ್ಚುವವರೆಗೆ ಯಾರೂ ನನಗೆ ಗುಂಡು ಹೊಡೆದಿರಲಿಲ್ಲ.

ದೇರಾ

ನಾವು ಇಳಿದು ಸ್ವಲ್ಪ ದಿನಕ್ಕೇ ಆಕಾಶ ಸಿಡಿಯತೊಡಗಿತು. ವಿಮಾನಗಳು ನಿಂತವು. ಒಂದು ಮಧ್ಯಾಹ್ನ ಊರಿನ ಎಲ್ಲ ಫೋನುಗಳೂ ಒಟ್ಟಿಗೇ ಊಳಿಟ್ಟವು, ಕಿಟಕಿಯಿಂದ ದೂರ ಇರಿ ಎಂಬ ಸರಕಾರದ ಸಂದೇಶ. ನಾನಿದ್ದುದು ಇರ್ಫಾನನ ರೂಮಿನಲ್ಲಿ. ಅದೇ ಮಹಡಿಯ ಫಿಲಿಪೀನ್ಸಿನ ನರ್ಸಮ್ಮ ಒಲೆಯ ಮೇಲಿನ ಅನ್ನದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡೇ ನೆಲಮಾಳಿಗೆಗೆ ಇಳಿದಳು. ಕಾರುಗಳ ನಡುವೆ ಕೂತು ಎಲ್ಲರಿಗೂ ಒಂದೊಂದು ತುತ್ತು ಕೊಟ್ಟಳು. ಯಾರೂ ಕಿರುಚಲಿಲ್ಲ. ಗೂಡಂಗಡಿಯ ಮಲಯಾಳಿ ಕಾಕಾ ಚಹದ ಕೆಟಲು ತಂದ. ಸ್ವಲ್ಪ ಹೊತ್ತು ಕಳೆದ ಮೇಲೆ ಜನ ಎದ್ದು ಕೆಲಸಕ್ಕೆ ಹೋದರು. ಇರ್ಫಾನನ ಅಂಗಡಿಯಲ್ಲಿ ಒಬ್ಬಳು ಗಿರಾಕಿ, ಮೇಲೆ ಢಂ ಎಂದಾಗ ಒಮ್ಮೆ ಛಾವಣಿ ನೋಡಿ, "ಇಂಥ ದಿನವಾದರೂ ರೇಟು ಇಳಿಸಬಾರದಾ?" ಎಂದಳಂತೆ.

ಕಿರುಚಾಟ ಇದ್ದದ್ದೆಲ್ಲ ನಮ್ಮ ಊರಿನ ಟೀವಿಯಲ್ಲಿ. ಇರ್ಫಾನನ ಫೋನಿನಲ್ಲಿ ಕನ್ನಡ ಚಾನೆಲ್ಲು ಹಚ್ಚಿದರೆ, ನಾವು ಚಹ ಕುಡಿಯುತ್ತ ಕೂತ ಊರು ಅಲ್ಲಿ ಬೂದಿಯಾಗಿತ್ತು. ನಕಾಶೆಯ ಮೇಲೆ ಬೆಂಕಿಯ ಚಿತ್ರ ಅಂಟಿಸಿದ್ದರು. ಕೋಟು ಹಾಕಿದ ಒಬ್ಬ ನಿವೃತ್ತ ಮಹಾಶಯ ಉದ್ದ ಕೋಲಿನಿಂದ ಬೆಂಕಿಯನ್ನು ಅತ್ತ ಇತ್ತ ಸರಿಸುತ್ತಿದ್ದ. ಕಡ್ಡಿಯಲ್ಲಿ ಹುರಿಗಡಲೆ ಕೆದಕುವವನ ಹಾಗೆ ಒಂಥರಾ ತೃಪ್ತಿ ಅವನ ಮುಖದಲ್ಲಿ.

ಕಾರಣಗಳನ್ನು ಕೇಳಿ. ಒಂದು ದೇಶ ಹೇಳಿತು: ಅವರು ಹೊಡೆಯುವವರಿದ್ದರು, ಅದಕ್ಕೇ ಹೊಡೆದೆವು. ಇನ್ನೊಂದು: ಅವರು ಹೊಡೆದರು, ಅದಕ್ಕೇ ಹೊಡೆದೆವು. ಮೂರನೆಯದೊಂದು ದೊಡ್ಡ ದೇಶ: ಹೊಡೆದಾಟ ನಿಲ್ಲಬೇಕು, ಅದಕ್ಕೇ ನಾವೂ ಹೊಡೆದೆವು. ಇದಕ್ಕೆಲ್ಲ ಟೀವಿಯಲ್ಲಿ ಬಲು ತೂಕದ ಹೆಸರುಗಳು: ಪೂರ್ವಭಾವಿ ಆತ್ಮರಕ್ಷಣೆ, ನಿಖರ ದಾಳಿ, ಶಾಂತಿಯತ್ತ ದಿಟ್ಟ ಹೆಜ್ಜೆ. ಕುಮಟೆಯ ಮೀನುಪೇಟೆಯಲ್ಲಿ ಒಬ್ಬಳು, 'ಅವಳು ನನ್ನ ಬುಟ್ಟಿ ಒದೀತಾಳೆ ಅಂತ ನಂಗೆ ಗೊತ್ತಿತ್ತು, ಅದಕ್ಕೇ ನಾನೇ ಮೊದಲು ಒದ್ದೆ' ಎಂದು ಹೇಳಿ ನೋಡಲಿ. ಇಡೀ ಪೇಟೆ ಸೇರಿ ಬಂಗಡೆಯಲ್ಲೇ ಅವಳಿಗೆ ಬಡಿಯುತ್ತದೆ. ಮೀನುಪೇಟೆಯಲ್ಲಿ ನಡೆಯದ ವಾದ ಜಗತ್ತಿನ ದೊಡ್ಡ ಮೇಜುಗಳಲ್ಲಿ ನಡೆಯುತ್ತದೆ. ಅಲ್ಲಿ ವಾಸನೆ ಇಲ್ಲವಲ್ಲ.

ನಮ್ಮ ಪಕ್ಷಗಳಂತೂ ಆ ಯುದ್ಧಕ್ಕೂ ಕನ್ನಡದ ಬಣ್ಣ ಬಳಿದವು. ಒಂದು ಪಕ್ಷದ ವಕ್ತಾರ ಯುದ್ಧ ಸರಿ ಎಂದರೆ ಇನ್ನೊಂದರವನು ತಪ್ಪು ಎನ್ನಬೇಕು, ಅದು ನಿಯಮ. ಒಂದು ಸಂಜೆ ಮೊದಲನೆಯವನು ಬಾಯಿ ತಪ್ಪಿ ಎದುರಾಳಿಯ ಮಾತನ್ನೇ ಹೇಳಿಬಿಟ್ಟ. ಎದುರಿನವನು ಕ್ಷಣ ತಡವರಿಸಿ, ತಕ್ಷಣ ತನ್ನ ಅಭಿಪ್ರಾಯವನ್ನೇ ತಿರುಗಿಸಿದ. ಆಮೇಲೆ ಇಬ್ಬರೂ ಒಟ್ಟಿಗೇ ಕಿರುಚತೊಡಗಿದ್ದರಿಂದ ಯಾರು ಯಾವ ಕಡೆ ಎಂಬುದು ಅವರಿಗೂ ಮುಖ್ಯವಾಗಲಿಲ್ಲ.

ಆಗ ದೊಡ್ಡಾಯಿಯ ಫೋನು ಬಂತು.

"ಗಣಪೂ, ಮಾದೇವನ ಲಾಂಚು ಹೋತನಾ?"

"ಎಂತದು ದೊಡ್ಡಾಯಿ?"

"ಟೀವಿಯಂಗೆ ಹೇಳ್ದ. ದೊಡ್ಡ ಅಕ್ಷರದಂಗೆ ಬಂತು, ಶ್ರೀಪಾದ ಓದಿ ಹೇಳ್ದ. ಲಾಂಚ್ ಉಡೀಸ್ ಅಂತೆ."

ಶ್ರೀಪಾದಣ್ಣ ಅವಳ ನೆರೆಮನೆಯವನು. ಸುದ್ದಿಯನ್ನು ಅವಳಿಗೆ ಬಿಡಿಸಿ ಹೇಳುವ ಕೆಲಸ ತಾನೇ ವಹಿಸಿಕೊಂಡವನು. ನಾನು ತಲೆ ಚಚ್ಚಿಕೊಂಡೆ. ಕ್ಷಿಪಣಿ ಹಾರಿಸುವ ಕಟ್ಟೆಗೆ ಇಂಗ್ಲಿಷಿನಲ್ಲಿ ಲಾಂಚ್ ಪ್ಯಾಡು ಎನ್ನುತ್ತಾರೆ. ಅದನ್ನು ಯಾರೋ ಉಡಾಯಿಸಿದ್ದರು. ಚಾನೆಲ್ಲಿನವರಿಗೆ ಪರದೆಯಲ್ಲಿ ಜಾಗ ಸಾಲದೆ ಪ್ಯಾಡನ್ನು ಬಿಟ್ಟು 'ಲಾಂಚ್ ಉಡೀಸ್' ಎಂದು ಹಾಕಿದ್ದರು.

"ಆ ಲಾಂಚು ಬೇರೆ, ದೊಡ್ಡಾಯಿ. ಅದು ದೋಣಿ ಅಲ್ಲ. ಬಾಂಬು ಹಾರಿಸೂ ಕಟ್ಟೆ."

"ಕಟ್ಟೆಗೆ ಯಾರಾರೂ ಲಾಂಚು ಅಂತ್ರಾ? ಸೇತುವೆ ಆಗೂಕೆ ಮುಂಚೆ ನಾ ಅಪ್ಪನ ಹೆಗಲ ಮೇಲೆ ಕೂತು ಲಾಂಚ್ ದಾಟದವಳು. ನಂಗೆ ಲಾಂಚು ಕಲಿಸ್ತೆ? ಮಾದೇವ ಎಲ್ಲವ್ನೆ ಹೇಳು."

ಮಾದೇವಣ್ಣನಿಗೆ ನಾನು ಬಂದ ದಿನದಿಂದ ಫೋನು ಹಚ್ಚುತ್ತಿದ್ದೆ. ಹತ್ತುತ್ತಿರಲಿಲ್ಲ. ಸಮುದ್ರಕ್ಕೆ ಹೋಗಿದ್ದಾನೆ, ಬರುತ್ತಾನೆ ಎಂದು ಅವನ ರೂಮಿನವರು ಹೇಳಿದ್ದರು. ಬರಬೇಕಾದ ದಿನ ಕಳೆದಿತ್ತು.

"ನಾ ಒಂದೇ ಮಾತು ಹೇಳ್ತೆ," ಎಂದಳು ದೊಡ್ಡಾಯಿ. "ಅಂವನ ದನಿ ಕೇಳೂವರೆಗೆ ನಾ ಗಂಜಿ ಮುಟ್ಟೂದಿಲ್ಲ." ಫೋನು ಇಟ್ಟಳು.

ಅವಳು ಸಕ್ಕರೆ ಕಾಯಿಲೆಯವಳು. ಹೇಳಿದರೆ ಹೇಳಿದ ಹಾಗೇ ಮಾಡುವವಳು.

ಶಾರ್ಜಾ

ಅಜ್ಮಾನಿಗೆ ಹೋಗಿ ನೋಡಬೇಕು ಎಂದರೆ ದಾರಿಯಲ್ಲಿ ಶಾರ್ಜಾ. ಸಂಘದವರು ಅವತ್ತೇ ಸಭೆ ಕರೆದಿದ್ದರು. ಸಮುದ್ರದವರ ಪರಿಚಯ ಅವರಿಗಿದ್ದೀತು ಎಂಬ ಆಸೆಯಿಂದ ಹೋದೆ.

ಸಮಾರಂಭ ರದ್ದು ಮಾಡುವುದೆಂದು ಬೇಗ ತೀರ್ಮಾನವಾಯಿತು. ಸತ್ತವರಿಗಾಗಿ ಒಂದು ನಿಮಿಷ ಮೌನ ಆಚರಿಸೋಣ ಎಂದರು ಅಧ್ಯಕ್ಷರು. ಯಾವ ಕಡೆ ಸತ್ತವರಿಗೆ ಎಂದರು ಕಾರ್ಯದರ್ಶಿ. ಅಧ್ಯಕ್ಷರು ಊರಿನಲ್ಲಿ ಒಂದು ಪಕ್ಷ, ಕಾರ್ಯದರ್ಶಿ ಇನ್ನೊಂದು. ಎರಡೂ ಕಡೆಯವರಿಗೆ ಎಂದರೆ ಇಬ್ಬರಿಗೂ ಒಪ್ಪಿಗೆ ಇಲ್ಲ. ಅರ್ಧ ನಿಮಿಷ ಆ ಕಡೆ, ಅರ್ಧ ನಿಮಿಷ ಈ ಕಡೆ ಎಂದು ಯಾರೋ ಸೂಚಿಸಿದರು. ಮೊದಲ ಅರ್ಧ ಯಾರಿಗೆ ಎಂದು ಮತ್ತೆ ಜಗಳ. ಒಬ್ಬರು ಮೇಜು ಗುದ್ದಿದರು, ಇನ್ನೊಬ್ಬರು ತಮ್ಮ ತಾತ ಜೈಲಿಗೆ ಹೋದದ್ದನ್ನು ಎತ್ತಿದರು. ಒಂದು ನಿಮಿಷದ ಮೌನಕ್ಕಾಗಿ ಇಡೀ ಸಂಜೆ ಗಲಾಟೆ ಮಾಡಿದ ಜನ ಜಗತ್ತಿನಲ್ಲಿ ನಾವೇ ಇರಬೇಕು.

ನಡುವೆ ನಾನು ಎದ್ದು, ನಮ್ಮ ಮಾದೇವಣ್ಣನ ಲಾಂಚು ಬಂದಿಲ್ಲ, ದೋಣಿ ನಿಲ್ಲುವ ಧಕ್ಕೆಯಲ್ಲಿ ಯಾರಾದರೂ ಗೊತ್ತಿದ್ದರೆ ಹೇಳಿ ಎಂದೆ.

ಅಧ್ಯಕ್ಷರು ಕೇಳಿದರು: "ಅವರು ಯಾವ ಕಡೆಯವರು?"

"ಹೊನ್ನಾವರ ಕಡೆಯವರು."

"ಅಲ್ಲ ಮಾರಾಯ, ಯಾವ ಪಕ್ಷ? ನಾಳೆ ಪೇಪರಿಗೆ ಹೇಳಿಕೆ ಕೊಡೋದಾದ್ರೆ ಗೊತ್ತಿರಬೇಕಲ್ಲ."

"ಅಂವ ಬಲೆಯ ಪಕ್ಷ," ಎಂದೆ. ಅದೂ ಅಧ್ಯಕ್ಷರ ದನಿಯಲ್ಲೇ. ಕಾರ್ಯದರ್ಶಿಯ ಕಡೆಯವರು ಚಪ್ಪಾಳೆ ತಟ್ಟಿದರು. ಆಗ ಕಾರ್ಯದರ್ಶಿಯ ದನಿಯಲ್ಲಿ ಅವರಿಗೂ ಒಂದು ಹೇಳಿದೆ. ಆಮೇಲೆ ಯಾರೂ ತಟ್ಟಲಿಲ್ಲ. ಇರ್ಫಾನ್ ನನ್ನ ಅಂಗಿ ಹಿಡಿದು ಹೊರಗೆಳೆದ.

"ನಿಂಗೆ ಮುಂದಿನ ವರ್ಷ ಇಲ್ಲಿ ಕರಿಯೂದಿಲ್ಲ ನೋಡು," ಎಂದ.

"ಈ ವರ್ಷದ್ದೇ ಆಗ್ಲಿಲ್ವಲ್ಲ ಮಾರಾಯ."

ಅಜ್ಮಾನಿನ ದಾರಿ

ಟ್ಯಾಕ್ಸಿಯವನು ಪೇಶಾವರದ ಕಡೆಯ ಪಠಾಣ. ಎದುರು ಅಂಟಿಸಿದ ಫೋನಿನಲ್ಲಿ ಅವನ ದೇಶದ ಸುದ್ದಿ ಓಡುತ್ತಿತ್ತು. ನಾನು ಕಣ್ಣು ಮುಚ್ಚಿ ಕೇಳಿದೆ. ಅದೇ ನಗಾರಿ, ಅದೇ ಏದುಸಿರು. ಪ್ರತಿ ಮಾತಿನ ಕೊನೆಗೆ ಮಾಡಿನಿಂದ ಪಾತ್ರೆ ಬಿದ್ದ ಹಾಗೆ ಒಂದು ಸದ್ದು. ಭಾಷೆ ಮಾತ್ರ ಉರ್ದು. ನಮ್ಮ ಟೀವಿಯವನ ಅವಳಿಯೊಬ್ಬ ಹುಟ್ಟಿದ ಕೂಡಲೇ ಜಾತ್ರೆಯಲ್ಲಿ ಕಳೆದುಹೋಗಿ ಗಡಿಯಾಚೆ ಬೆಳೆದಿರಬೇಕು.

ತಡೆಯಲಾಗಲಿಲ್ಲ. ಹಿಂದಿನ ಸೀಟಿನಿಂದ ಆ ಸುದ್ದಿಯವನನ್ನೇ ಒಂದಿಷ್ಟು ಮಾಡಿ ತೋರಿಸಿದೆ. ಇರ್ಫಾನ್ ಮುಖ ಮುಚ್ಚಿಕೊಂಡ. ಪಠಾಣ ಗಾಡಿಯನ್ನು ರಸ್ತೆಯ ಬದಿಗೆ ಹಾಕಿ ನಿಲ್ಲಿಸಿದ. ನಮ್ಮ ಕತೆ ಮುಗಿಯಿತು ಎಂದುಕೊಂಡೆ. ಅವನು ಸ್ಟೀರಿಂಗಿಗೆ ಹಣೆ ಒತ್ತಿ ನಗುತ್ತಿದ್ದ.

"ನಿಮ್ಮಲ್ಲೂ ಇಂಥವನು ಇದ್ದಾನಾ?" ಎಂದು ಕೇಳಿದ.

"ಇಂಥವರೇ ಇದ್ದಾರೆ."

"ಇವರಿಬ್ಬರನ್ನೂ ಒಂದು ಕೋಣೆಗೆ ಹಾಕಿ ಬೀಗ ಹಾಕಿದರೆ ಯುದ್ಧ ಇವತ್ತೇ ಮುಗಿಯುತ್ತದೆ, ಭಾಯಿ."

"ಮುಗಿಯೂದಿಲ್ಲ. ಒಳಗಿಂದ ನೇರಪ್ರಸಾರ ಶುರು ಮಾಡ್ತಾರೆ," ಎಂದ ಇರ್ಫಾನ್ ಉರ್ದುವಿನಲ್ಲಿ.

ಎಲ್ಲಿಗೆ ಹೊರಟಿದ್ದೇವೆ ಎಂದು ಪಠಾಣ ಕೇಳಿದ. ಹೇಳಿದೆವು. ಆಮೇಲೆ ಅವನು ನಗಲಿಲ್ಲ. ಫೋನಿನ ಸುದ್ದಿಯನ್ನು ನಿಲ್ಲಿಸಿದ. ಧಕ್ಕೆಯಲ್ಲಿ ಇಳಿಸಿ, "ಅಣ್ಣ ಬರಲಿ," ಎಂದಷ್ಟೇ ಹೇಳಿ ಹೋದ. ನಮ್ಮ ಸಂಘದವರು ಇಡೀ ಸಂಜೆ ಕೂಗಾಡಿ ಹೇಳಲಾರದೇ ಹೋದ ಮಾತು ಅದು.

ಅಜ್ಮಾನಿನ ಧಕ್ಕೆ

ಧಕ್ಕೆಯ ತುಂಬ ಲಾಂಚುಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿದ್ದವು. ಯಾವುದೂ ಹೊರಗೆ ಹೋಗುವ ಹಾಗಿರಲಿಲ್ಲ. ಹಗ್ಗ, ಡೀಸೆಲ್ಲು, ಒಣಮೀನಿನ ವಾಸನೆ. ಕಣ್ಣು ಮುಚ್ಚಿದರೆ ಹೊನ್ನಾವರ, ತೆರೆದರೆ ಮಾತ್ರ ಪರದೇಶ. ತಮಿಳರು, ಗುಜರಾತಿಗಳು, ನಮ್ಮ ಕಡೆಯವರು, ಎಲ್ಲ ಬಲೆಯ ರಾಶಿಯ ಮೇಲೆ ಸುಮ್ಮನೆ ಕೂತಿದ್ದರು. ನಾವು ಹೋಗಿ ಕೂತ ಕೂಡಲೇ ಯಾರೋ ಜಾಗ ಸರಿದು ಕೊಟ್ಟರು. ಮಾದೇವಣ್ಣನ ಲಾಂಚು ಹೋದದ್ದು ಹೌದು, ಬಂದಿಲ್ಲ ಎಂದರು. ಅದರಾಚೆ ಯಾರೂ ಏನೂ ಊಹಿಸಿ ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಮನುಷ್ಯರನ್ನು ನಾನು ಆ ವಾರದಲ್ಲಿ ನೋಡಿದ್ದು ಅಲ್ಲೇ.

ಇರ್ಫಾನ್ ಅಂಗಡಿಗೆ ರಜೆ ಹಾಕಿದ. ದಿನವೂ ಬಂದು ಕೂತೆವು. ಊರಿಂದ ಅಮ್ಮನ ಫೋನು: ಅಕ್ಕ ನೀರು ಬಿಟ್ಟರೆ ಏನೂ ಮುಟ್ಟುತ್ತಿಲ್ಲ, ಡಾಕ್ಟರರು ಬೈದು ಹೋದರು, ಶ್ರೀಪಾದಣ್ಣ ಮತ್ತು ಅವನ ಎದುರು ಪಕ್ಷದ ಅಳಿಯ ಅವಳ ಜಗಲಿಯಲ್ಲೇ ಕೂತು ಟೀವಿ ನೋಡುತ್ತ ಜಗಳಾಡುತ್ತಾರೆ ಎಂದಳು. ಒಮ್ಮೆ ನನಗೆ, ಮಾದೇವಣ್ಣನ ದನಿ ನಾನೇ ಮಾಡಿ ದೊಡ್ಡಾಯಿಗೆ ಗಂಜಿ ಉಣ್ಣಿಸಿಬಿಡಲೇ ಎನಿಸಿತು. ಮಾಡಬಹುದಿತ್ತು. ನನಗೆ ಅವನ ದನಿ ಅವನಿಗಿಂತ ಚೆನ್ನಾಗಿ ಬರುತ್ತದೆ. ಇರ್ಫಾನ್ ಹೇಳಿದ: "ಅಂವ ಬರ್ಲಿಲ್ಲ ಅಂದ್ರೆ ಆಮೇಲೆ ಎಷ್ಟು ವರ್ಷ ಮಾಡ್ತೆ?" ಆ ಯೋಚನೆ ಬಿಟ್ಟೆ. ಇಲ್ಲದವನ ಪರವಾಗಿ ಮಾತಾಡುವ ಕೆಲಸಕ್ಕೆ ಬೇರೆಯವರು ಬೇಕಾದಷ್ಟು ಇದ್ದಾರೆ, ಅವರಿಗೆ ಮೈಕೂ ಇದೆ.

ಒಂದು ಮಧ್ಯಾಹ್ನ ಲಾಂಚು ಬಂತು. ನಗಾರಿ ಇಲ್ಲ, ದೊಡ್ಡ ಅಕ್ಷರ ಇಲ್ಲ. ಟುಕುಟುಕು ಎನ್ನುತ್ತ, ಒಂದು ಬದಿಗೆ ವಾಲಿಕೊಂಡು, ಮನೆಗೆ ತಡವಾಗಿ ಬಂದ ಎಮ್ಮೆಯ ಹಾಗೆ ಧಕ್ಕೆಗೆ ಮೈ ಉಜ್ಜಿತು. ಮಾದೇವಣ್ಣ ಹಗ್ಗ ಎಸೆದು ನನ್ನನ್ನು ಕಂಡು ಬೆರಗಾದ.

"ಹೋಯ್ ಗಣಪೂ! ನೀ ಎಂತ ಮಾರಾಯ ಇಲ್ಲಿ?"

"ನೀ ಎಲ್ಲಿದ್ದೆ?"

"ಇಂಜಿನ್ ಕೈಕೊಟ್ತು. ವಯರ್‌ಲೆಸ್ಸೂ ಸತ್ತಿತ್ತು. ಒಂದು ದ್ವೀಪದ ಮರೆಗೆ ಲಂಗರು ಹಾಕಿ ರಿಪೇರಿ ಮಾಡ್ಕಂಡ್ ಬಂದ್ವು. ಯಾಕೆ, ಎಂತ ಆತು?"

"ಯುದ್ಧ ಮಾರಾಯ, ಯುದ್ಧ!"

"ಯುದ್ಧವಾ? ಎಲ್ಲಿ?" ಆಕಾಶ ನೋಡಿದ. "ಓ, ಅದಾ? ಮೇಲೆ ಎಂತದೋ ಮಿಣಿಮಿಣಿ ಹೋಗ್ತಿತ್ತು. ಯಾರೋ ಅರಬ ಶೇಖನ ಮನೆ ಮದುವೆ ಇರಬೇಕು ಅಂದ್ಕಂಡ್ವು."

ಕ್ಷಿಪಣಿಗಳ ಸರಿ ಕೆಳಗೆ ಇದ್ದವನಿಗೆ ಯುದ್ಧದ ಸುದ್ದಿಯೇ ಇಲ್ಲ. ಸಾವಿರಾರು ಮೈಲಿ ಆಚೆ ಏಸಿಯಲ್ಲಿ ಕೂತವನಿಗೆ ಅವುಗಳ ತೂಕ, ಉದ್ದ, ಮನಸ್ಸಿನ ಇಂಗಿತ ಎಲ್ಲ ಗೊತ್ತು.

ತಕ್ಷಣ ದೊಡ್ಡಾಯಿಗೆ ಫೋನು ಹಚ್ಚಿ, ಅವಳ ದನಿ ಕೇಳುತ್ತಲೇ ಅವನ ಕೈಗಿತ್ತು, ಸ್ಪೀಕರು ಹಾಕಿದೆ.

"ಆಯಿ, ನಾನು."

ಆಚೆ, ಹಿಂದಿನಿಂದ ಟೀವಿಯವನ ಕಿರುಚಾಟ. ಆಮೇಲೆ ದೊಡ್ಡಾಯಿ ಮೆಲ್ಲಗೆ ಅಂದಳು: "ಗಣಪೂ. ಬೇಡ ತಮಾ."

"ಆಯಿ, ಗಣಪು ಅಲ್ಲ. ನಾನೇ, ಮಾದೇವ."

"ಅಂವ ಹಿಂಗೇ 'ನಾನೇ' ಅಂತ. ಚೊಲೋ ಮಾಡ್ತೆ. ಹೋದ ಚೌತಿಗೂ ಹಿಂಗೇ ಮಾಡಿ, ಮಗ ಬರ್ತ ಅಂತ ನನ್ನ ಕೈಲಿ ಇಡೀ ದಿನ ಚಕ್ಕುಲಿ ಕರಿಸದೆ. ಅವತ್ತು ನೆಗಾಡ್ದೆ. ಇವತ್ತು ಬೇಡ."

ಮಾದೇವಣ್ಣ ನನ್ನನ್ನು ನೋಡಿದ. ನಾನು ಸಮುದ್ರ ನೋಡಿದೆ.

ಅವನು ಮನೆಯ ಒಂದೊಂದು ಗುರುತನ್ನೂ ಹೇಳಿದ. ಬಾವಿಯ ಮುರಿದ ರಾಟೆ, ಅಪ್ಪನ ಕೋಪ, ತನ್ನ ಮೊಣಕಾಲಿನ ಗಾಯ. "ಅದೆಲ್ಲ ನಿಂಗೂ ಗೊತ್ತದೆ," ಎಂದಳು. ನಾನು ನನ್ನ ದನಿಯಲ್ಲಿ, ದೊಡ್ಡಾಯಿ, ನಾ ಬೇರೆ, ಅಂವ ಬೇರೆ, ಇಬ್ಬರೂ ಇಲ್ಲೇ ಇದ್ದೇವೆ ಎಂದೆ. "ಒಂದ್ಸಲ ಅಂವ, ಒಂದ್ಸಲ ನೀನು. ಎರಡೂ ನೀನೇ," ಎಂದಳು. ವಾಟ್ಸಾಪಿನ ವೀಡಿಯೋ ಕರೆ ಆ ದೇಶದಲ್ಲಿ ಬಂದ್, ಹಾಗಾಗಿ ಇರ್ಫಾನ್ ಫೋಟೋ ತೆಗೆದು ಶ್ರೀಪಾದಣ್ಣನ ಫೋನಿಗೆ ಕಳಿಸಿದ. ಶ್ರೀಪಾದಣ್ಣ ಅದನ್ನು ನೋಡಿ, "ಹಳೇದು ಇರ್ಬಹುದು. ಈಗ ಸತ್ತವ್ರೂ ನೆಗಾಡೂ ಹಾಂಗೆ ಮಾಡ್ತ್ರು. ವೈರಿಗಳ ಫೋಟೋ ನಂಬಬೇಡಿ ಅಂತ ಟೀವಿಯಂಗೆ ಹೇಳಿರ್," ಎಂದು ತೀರ್ಪು ಕೊಟ್ಟ. ಅವನ ಅಳಿಯ, ಆ ಚಾನೆಲ್ಲು ನಿಮ್ಮ ಪಕ್ಷದ್ದು, ಹಾಗಾಗಿ ಫೋಟೋ ಖರೆ ಇರಬೇಕು ಎಂದ. ಆ ಇಬ್ಬರು ಅಲ್ಲೇ ಶುರುವಾದರು.

ಸುಳ್ಳು ಹೇಳಿದ್ದಕ್ಕೆ ಈ ಟೀವಿಯವರನ್ನು ಕ್ಷಮಿಸಬಹುದು. ಆದರೆ ಊರಿನಲ್ಲಿದ್ದ ನಂಬಿಕೆಯನ್ನೆಲ್ಲ ಆ ಸುಳ್ಳಿಗೇ ಸುರಿಸಿಕೊಂಡು, ನಿಜ ಬಂದು ಬಾಗಿಲಲ್ಲಿ ನಿಂತಾಗ ಕೊಡಲು ಒಂದು ತೊಟ್ಟೂ ಉಳಿಸಲಿಲ್ಲವಲ್ಲ!

"ನಾ ಇಡ್ತೆ ತಮಾ," ಎಂದಳು ದೊಡ್ಡಾಯಿ. ದನಿ ಬಳಲಿತ್ತು.

ಆಗ ಮಾದೇವಣ್ಣನ ಸಹನೆ ಕಡಿಯಿತು. ನಿದ್ದೆಗೆಟ್ಟವನು, ಹಸಿದವನು. ನನ್ನ ಕಾಲರು ಹಿಡಿದ.

"ಎಲ್ಲಾ ನಿನ್ನಿಂದ, ಮಂಗ್ಯಾ! ನನ್ನ ದನಿ ತಕಂಡು ನಿಂಗೆ ಎಂತ ಆಗೂದಿತ್ತು? ನನ್ನ ಆಯಿಗೇ ನನ್ನ..."

"ನಂಗೆ ಎಂತಕ್ಕೆ ಬೈತೆ? ಇಷ್ಟು ದಿನ ಈ ಬಿಸಿಲಂಗೆ ನಿನ್ನ ಕಾಯ್ತಾ ಕೂತವ ನಾನು! ನಿನ್ನ ವಯರ್‌ಲೆಸ್ಸು ಸರಿ ಇಟ್ಕಂಬೂಕೆ..."

"ನೀ ಮಾತಾಡಬೇಡ!"

"ನಾ ಮಾತಾಡ್ತೆ!"

ಅವನೂ ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ. ಒಬ್ಬರ ಮೇಲೊಬ್ಬರು ಬಿದ್ದು, ಒಂದೇ ಉಸಿರಿನಲ್ಲಿ, ಟೀವಿಯ ಚರ್ಚೆಯವರ ಹಾಗೆ, ಯಾರ ಮಾತೂ ಯಾರಿಗೂ ಕೇಳದಂತೆ ಬೈದಾಡಿಕೊಂಡೆವು. ಗುಜರಾತಿಗಳು ಎದ್ದು ನಿಂತರು. ಇರ್ಫಾನ್ ಫೋನನ್ನು ಎತ್ತಿ ಹಿಡಿದು, "ಸುಮ್ನಿರಿ, ಸುಮ್ನಿರಿ!" ಎಂದು ಕೈ ಬೀಸುತ್ತಿದ್ದ.

ಫೋನಿನೊಳಗಿಂದ ಅಳುವೋ ನಗುವೋ ತಿಳಿಯದ ಸದ್ದು ಬಂತು. ಇಬ್ಬರೂ ಥಟ್ಟನೆ ನಿಂತೆವು.

"ಮಾದೇವಾ," ಎಂದಳು ದೊಡ್ಡಾಯಿ. "ಬಂದ್ಯನಾ ಮಗಾ?"

"ಹೂಂ, ಆಯಿ." ಅವನು ನನ್ನ ಕಾಲರು ಬಿಟ್ಟು ಇರ್ಫಾನನ ಕೈಯಿಂದ ಫೋನು ತೆಗೆದುಕೊಂಡ.

"ನಂಗೆ ಗೊತ್ತಾತು. ಈ ಗಣಪಂಗೆ ನೂರು ದನಿ ಇರ್ಲಿ, ಬಾಯಿ ಒಂದೇ. ಒಂದು ಬಾಯಂಗೆ ಒಟ್ಟಿಗೇ ಇಬ್ರು ಬೈಯೂಕೆ ಬರೂದಿಲ್ಲ."

"ದೊಡ್ಡಾಯಿ, ನಾ ಆಗಿಂದ ಅದನ್ನೇ..." ಎಂದು ನಾನು ಶುರು ಮಾಡಿದೆ.

"ನೀ ಬಾಯಿ ಮುಚ್ಚು. ನಾ ಅಂವನ ಹತ್ರ ಮಾತಾಡೂದದೆ."

ನಾನು ಮುಚ್ಚಿದೆ. ಸ್ಪೀಕರಿನಲ್ಲಿ ಶ್ರೀಪಾದಣ್ಣ ಮತ್ತು ಅಳಿಯ, ಮಾದೇವಣ್ಣ ಉಳಿದದ್ದು ಯಾರ ಸರಕಾರದಿಂದ ಎಂದು ಇನ್ನೂ ಬಡಿದಾಡುತ್ತಿದ್ದರು. ಅವರ ಮೇಲಿಂದ ಟೀವಿಯವ ಏದುಸಿರು ಬಿಡುತ್ತ, ವೀಕ್ಷಕರೇ, ಇಡೀ ಜಗತ್ತೇ ನಡುಗುವಂಥ ಒಂದು ದೊಡ್ಡ ಸುದ್ದಿ ಈಗಷ್ಟೇ ನಮಗೆ...

"ಶ್ರೀಪಾದಾ, ಅದನ್ನ ಬಂದ್ ಮಾಡು," ಎಂದಳು ದೊಡ್ಡಾಯಿ. "ನೀವಿಬ್ರೂ ಹೊರಗೆ ನಡೀರಿ."

ಕಟಕ್ ಎಂದಿತು. ಜಗತ್ತು ಯಾಕೆ ನಡುಗಬೇಕಿತ್ತು ಎಂಬುದು ಅಲ್ಲಿಗೇ ನಿಂತಿತು. ಮಾದೇವಣ್ಣ ಫೋನನ್ನು ಕಿವಿಗೆ ಒತ್ತಿಕೊಂಡು ಬಲೆಯ ರಾಶಿಯ ಮೇಲೆ ಕೂತ. ಸ್ಪೀಕರು ಆರಿಸುವುದನ್ನು ಮರೆತಿದ್ದ. ಹಾಗಾಗಿ ಧಕ್ಕೆಯಲ್ಲಿದ್ದ ನಮಗೆಲ್ಲ ಕೇಳಿತು: ದೂರದ ಒಂದು ಅಡುಗೆಮನೆಯಲ್ಲಿ ಮುಚ್ಚಳ ಸರಿದ ಸದ್ದು, ಸೌಟು ಪಾತ್ರೆಗೆ ತಾಗಿದ ಸದ್ದು, ಆಮೇಲೆ ಬಿಸಿ ಗಂಜಿಯನ್ನು ಊದಿ ಸುರ್ರೆಂದು ಹೀರುವ ಸದ್ದು.